ನೀರೊಳಗೆ ಇಟ್ಟ ಕಿವಿ

ಆಟ ಶುರುವಾಗುವ ಮೊದಲೇ ಪರದೆಯ ಮೇಲೆ ಒಂದು ಪಟ್ಟಿ ಬರುತ್ತಿತ್ತು. ನಿಮ್ಮ ಜಲಾಂತರ್ಗಾಮಿ ಎಷ್ಟು ನಿಜದ ಹಾಗಿರಬೇಕು ಎಂದು ಅದು ಕೇಳುತ್ತಿತ್ತು. ಒಳಗಿನ ಗಾಳಿ ಮುಗಿಯಬೇಕೇ, ಬ್ಯಾಟರಿ ಇಳಿಯಬೇಕೇ, ಟಾರ್ಪಿಡೊ ಕೆಲವೊಮ್ಮೆ ಸಿಡಿಯದೆ ಕೈಕೊಡಬೇಕೇ, ಹೊರಗಿನಿಂದ ನೋಡುವ ಕ್ಯಾಮೆರಾ ಬೇಕೇ ಬೇಡವೇ. ಕಷ್ಟದ ಒಂದೊಂದು ಸಾಲಿಗೂ ಗುರುತು ಹಾಕಿದಂತೆ ಕೆಳಗೆ ಶೇಕಡಾ ಅಂಕೆ ಏರುತ್ತಿತ್ತು. ಎಂಬತ್ತರ ಆಸುಪಾಸಿನಲ್ಲಿ ನಾನು ಆರು ತಿಂಗಳು ಕಳೆದೆ. ಇಂಟರ್ನೆಟ್ಟಿನಲ್ಲಿ ಈ ಆಟದ ಹುಚ್ಚರದ್ದೊಂದು ಕೂಟವಿತ್ತು. ನೂರಕ್ಕೆ ನೂರು ಇಟ್ಟು ಆಡದವನನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ನನಗೋ ಯಾರಾದರೂ ಸಸಾರ ಮಾಡಿದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಳೆಗಾಲದ ಒಂದು ಭಾನುವಾರ ಎಲ್ಲ ಸಾಲಿಗೂ ಗುರುತು ಹಾಕಿ ನೂರು ಮಾಡಿಬಿಟ್ಟೆ.

ಕೊನೆಗೆ ಉಳಿದಿದ್ದ ಸಾಲು ಸದ್ದಿನದ್ದು. ಜಲಾಂತರ್ಗಾಮಿ ನೀರಿನಡಿ ಹೋದ ಮೇಲೆ ಕಣ್ಣಿಗೆ ಕೆಲಸವಿಲ್ಲ, ಕಿವಿಯೇ ಎಲ್ಲ. ಆಟದೊಳಗೆ ಅದಕ್ಕೆಂದೇ ಒಬ್ಬ ಸಿಬ್ಬಂದಿ ಇರುತ್ತಾನೆ. ಯಾವ ದಿಕ್ಕಿನಲ್ಲಿ ಯಾವ ಹಡಗು ಎಂದು ಅವನೇ ಹೇಳುತ್ತಾನೆ. ಅವನನ್ನು ತೆಗೆದುಹಾಕಿದರೆ ನೀವೇ ಹೆಡ್‌ಫೋನ್ ಹಾಕಿ, ಚಕ್ರ ತಿರುಗಿಸುತ್ತ, ನೀರಿನ ಗೊರಗೊರದಲ್ಲಿ ಹಡಗನ್ನು ಹುಡುಕಬೇಕು. ಅವನನ್ನು ನಾನು ತೆಗೆದುಹಾಕದಿದ್ದರೆ ನಮ್ಮ ಮನೆಯ ಗೇಟಿನ ಬೀಗ ಇನ್ನೆಷ್ಟು ಕಾಲ ಹಾಗೇ ಇರುತ್ತಿತ್ತೋ ಗೊತ್ತಿಲ್ಲ.

ಬೀಗದ ಕತೆಯನ್ನು ಮೊದಲು ಹೇಳಬೇಕು.

ನಮ್ಮ ಮನೆ ಕುಂದಾಪುರದ ಕೋಡಿಯಲ್ಲಿ. ಅಪ್ಪಯ್ಯ ಮೂವತ್ತು ವರ್ಷಕ್ಕೂ ಮಿಕ್ಕಿ ಗಂಗೊಳ್ಳಿಯ ಟ್ರಾಲ್ ಬೋಟುಗಳಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಬೋಟಿನಲ್ಲಿ ತಂಡೇಲ, ಅಂದರೆ ಬೋಟಿನ ಯಜಮಾನಿಕೆ ಇರುವವನು, ಮೇಲೆ ಚುಕ್ಕಾಣಿ ಹಿಡಿದು ನಿಲ್ಲುತ್ತಾನೆ. ಡ್ರೈವರ್ ಕೆಳಗೆ ಎಂಜಿನ್ನಿನ ಮಗ್ಗುಲಲ್ಲಿ. ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ತಂಡೇಲ ಹಲಗೆಯ ಮೇಲೆ ಹಿಮ್ಮಡಿಯಿಂದ ಒಮ್ಮೆ ಕುಟ್ಟಿದರೆ ನಿಧಾನ, ಎರಡು ಸಲ ಕುಟ್ಟಿದರೆ ಹಿಂದಕ್ಕೆ, ಬಿಡದೆ ಕುಟ್ಟಿದರೆ ನಿಲ್ಲಿಸು. ಮನೆಗೂ ಅದೇ ಪದ್ಧತಿ ಬಂದಿತ್ತು. ಊಟಕ್ಕೆ ಕರೆಯಬೇಕಾದರೆ ಅಮ್ಮ ಮರದ ಮಣೆಯನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು, ಅಪ್ಪಯ್ಯ ಎದ್ದು ಬರುತ್ತಿದ್ದರು. ಉಳಿದಂತೆ ನಾವು ಮಾತಾಡುವುದೇ ದೊಡ್ಡ ಗಂಟಲಿನಲ್ಲಿ. ಹೊರಗಿನವರಿಗೆ ಅದು ಜಗಳದ ಹಾಗೆ ಕೇಳಿಸುತ್ತದೆ, ನಮಗೆ ಅದು ಬರೀ ಮಾತು.

ಅಪ್ಪಯ್ಯ ಬೋಟಿನಿಂದ ಇಳಿದ ಮರುವರ್ಷ ನನ್ನ ಮದುವೆಯಾಯಿತು. ಹೆಂಡತಿ ಬ್ರಹ್ಮಾವರದ ಒಳಗಿನ ಊರಿನವಳು, ಬೇಸಾಯದ ಮನೆ. ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಬೇಕು, ಅಷ್ಟು ಮೆಲ್ಲಗೆ. ಬಂದ ಮೂರನೆಯ ದಿನ ಅಮ್ಮ ಮಣೆ ಕುಟ್ಟಿದ್ದಕ್ಕೆ ಬೆಚ್ಚಿ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನೇ ಬಿಟ್ಟಳು. ಅಂದಿಗೆ ಮಣೆ ಕುಟ್ಟುವುದು ನಿಂತಿತು. ಸೊಸೆ ಎದುರು ಕಿರುಚಬಾರದು ಎಂದು ಅಮ್ಮ ದನಿ ಇಳಿಸಿದರು, ನಾನೂ ಇಳಿಸಿದೆ. ನಮ್ಮ ಮನೆಯೂ ಬೇರೆಯವರ ಮನೆಗಳ ಹಾಗಾಯಿತು ಎಂದು ನನಗೆ ಒಳಗೊಳಗೇ ಹೆಮ್ಮೆ.

ಅಲ್ಲಿಂದ ಏಳೆಂಟು ತಿಂಗಳಲ್ಲಿ ಅಪ್ಪಯ್ಯ ಬೇರೆಯೇ ಮನುಷ್ಯರಾದರು. ಕೇಳಿದ್ದಕ್ಕೆ ಉತ್ತರವಿಲ್ಲ. ಕೊಟ್ಟರೂ ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ. ಹೆಂಡತಿ ಚಾ ಹಿಡಿದು "ಮಾವ" ಎಂದು ಮೂರು ಸಲ ಕರೆದರೂ ಗೋಡೆ ನೋಡುತ್ತ ಕೂತಿರುತ್ತಿದ್ದರು. ತನ್ನನ್ನು ಕಂಡರೆ ಮಾವನಿಗೆ ಆಗುವುದಿಲ್ಲ ಎಂದು ಅವಳು ಕಣ್ಣೀರು ಹಾಕಿದ್ದೂ ಉಂಟು. ಹೊಸದಾಗಿ ತಂದ ಮೊಬೈಲ್ ಪಕ್ಕದಲ್ಲೇ ಬಡಿದುಕೊಂಡರೂ ಅಪ್ಪಯ್ಯ ಎತ್ತುತ್ತಿರಲಿಲ್ಲ. ಒಂದು ದಿನ ಅಮ್ಮ ಕುಕ್ಕರ್ ಇಟ್ಟು, ಮೂರು ಸೀಟಿ ಆದ ಮೇಲೆ ಒಲೆ ಆರಿಸಿ ಎಂದು ಹೇಳಿ ಅಂಗಡಿಗೆ ಹೋದರು. ಬಂದು ನೋಡಿದರೆ ಕುಕ್ಕರ್ ಇನ್ನೂ ಒಲೆಯ ಮೇಲೆ ಕೂಗುತ್ತಿದೆ, ಬೇಳೆ ತಳ ಹಿಡಿದು ಕರಟಿದೆ, ಅಪ್ಪಯ್ಯ ಅಡುಗೆಮನೆಯ ಬಾಗಿಲಲ್ಲೇ ಕೂತು ನೆಮ್ಮದಿಯಿಂದ ಬಲೆಯ ದಾರ ಸುತ್ತುತ್ತಿದ್ದಾರೆ.

ಇಷ್ಟೇ ಆಗಿದ್ದರೆ ಬೇರೆ ಮಾತು. ಯಾರಿಗೂ ಕೇಳದ್ದು ಅವರಿಗೆ ಕೇಳುತ್ತಿತ್ತು. ಜಗಲಿಯಲ್ಲಿ ಸುಮ್ಮನೆ ಕೂತವರು ಇದ್ದಕ್ಕಿದ್ದಂತೆ, "ಒಂದ್ ಬೋಟ್ ಬತ್ತಿತ್ ಕಾಣ್. ಅದ್ರದ್ದ್ ಒಂದ್ ಸಿಲಿಂಡರ್ ಹೊಡಿತಿಲ್ಲ" ಎನ್ನುತ್ತಿದ್ದರು. ನಾವು ಕಿವಿಗೊಟ್ಟರೆ ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ಅಮ್ಮ ನನ್ನ ಮುಖ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ನಮ್ಮಿಬ್ಬರ ತಲೆಯಲ್ಲೂ ಓಡುತ್ತಿದ್ದದ್ದು ಒಂದೇ. ಅಪ್ಪಯ್ಯನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಇದೇ ವಯಸ್ಸಿನಲ್ಲಿ ಬುದ್ಧಿ ಕಳೆದುಕೊಂಡವರು. ಬೋಟಿಗೆ ಹೋಗುತ್ತೇನೆಂದು ಹೊರಟವರು ಹೆಮ್ಮಾಡಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನನ್ನ ಮನೆ ಯಾವುದು ಎಂದು ಕಂಡವರನ್ನೆಲ್ಲ ಕೇಳುತ್ತಿದ್ದರು. ಹೋಗಿ ಕರೆದುಕೊಂಡು ಬಂದವರು ಅಪ್ಪಯ್ಯ. ಕೊನೆಗೆ ದೊಡ್ಡಪ್ಪನಿಗೆ ತಮ್ಮ ಹೆಸರೂ ನೆನಪಿರಲಿಲ್ಲ. ಅಪ್ಪಯ್ಯನಿಗೂ ಅದೇ ಶುರುವಾಯಿತು ಎಂದು ನಾವು ನಂಬಿದೆವು. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು. "ನಿಮ್ಗೆ ಮಂಡಿ ಸಮ ಇಲ್ಯಾ" ಎಂದು ಒಮ್ಮೆ ಎದುರೇ ಅಬ್ಬರಿಸಿದ್ದೆ. ನಮ್ಮ ಕಡೆ ಮಂಡಿ ಎಂದರೆ ತಲೆ. ಅವರು ಎದ್ದು ಒಳಗೆ ಹೋದರು.

ಕೊನೆಗೆ ಒಂದು ಬೆಳಿಗ್ಗೆ, ಬೋಟುಗಳು ನಿಲ್ಲುವ ದಕ್ಕೆಗೆ ಹೊರಟಿದ್ದ ಅಪ್ಪಯ್ಯ ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದ ಸ್ಕೂಟರಿಗೆ ಅಡ್ಡ ನಡೆದರು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಸ್ಕೂಟರಿನವನೇ ಮನೆಗೆ ತಂದು ಬಿಟ್ಟು, "ಹ್ವಾಯ್, ಒಬ್ರನ್ನೇ ಬಿಡ್ಬೇಡಿ ಮರ್ರೆ" ಎಂದು ಬುದ್ಧಿ ಹೇಳಿ ಹೋದ. ಅಂದು ಸಂಜೆ ಗೇಟಿಗೆ ಬೀಗ ತಂದೆ. ಬೀಗದ ಕೈಯನ್ನು ಅಮ್ಮ ಅಡುಗೆಮನೆಯ ಹುರುಳಿ ಡಬ್ಬದಲ್ಲಿ ಹುಗಿದಿಟ್ಟರು. ಬೋಟುಗಳು ಬರುವ ಹೊತ್ತಿಗೆ ಬಂದರಿನ ದಕ್ಕೆಯಲ್ಲಿ ಹೋಗಿ ನಿಲ್ಲುವುದು ಅಪ್ಪಯ್ಯನಿಗೆ ಉಳಿದಿದ್ದ ಒಂದೇ ಸುಖ. ಅದನ್ನೂ ಕಿತ್ತುಕೊಂಡೆವು. ಮಣಿಪಾಲದಲ್ಲಿ ಮಿದುಳಿನ ಡಾಕ್ಟರರಿಗೆ ತೋರಿಸುವುದೆಂದು ಮಾತಾಯಿತು. ಆದರೆ ಅವರು ಹೇಳುವುದನ್ನು ಕೇಳುವ ಧೈರ್ಯವಿಲ್ಲದೆ ನಾನು ಈ ವಾರ, ಮುಂದಿನ ವಾರ ಎಂದು ಎರಡು ತಿಂಗಳು ತಳ್ಳಿದೆ.

ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅಲ್ಲಿಂದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದೆ. ಅಂಗಡಿಯಿಂದ ಬಂದವನು ಅಪ್ಪಯ್ಯನ ಮುಖ ನೋಡಲಾರದೆ ಆ ಆಟದೊಳಗೆ ಇಳಿದುಬಿಡುತ್ತಿದ್ದೆ. ಗೇಟಿಗೆ ಬೀಗ ಬಿದ್ದ ಮೇಲೆ ಅವರಿಗೆ ಮಾಡಲು ಬೇರೇನಿದೆ, ಕುರ್ಚಿ ಎಳೆದುಕೊಂಡು ನನ್ನ ಹಿಂದೆ ಬಂದು ಕೂತರು. ಮೊದಲ ದಿನ ಅರ್ಧ ಗಂಟೆ ನೋಡಿ ಕೇಳಿದರು.

"ನೀರಡಿಗೆ ಎಂಜಿನಿಗೆ ಗಾಳಿ ಎಲ್ಲಿಂದ?"

"ಅಡಿಗ್ ಹೋರೆ ಎಂಜಿನ್ ಬಂದ್, ಅಪ್ಪಯ್ಯ. ಬ್ಯಾಟ್ರಿಯಂಗೆ ಓಡುದ್" ಎಂದೆ.

"ಹಾಂಗಾರೆ ಅಡ್ಡಿಲ್ಲ. ಆಟ ಮಾಡ್ದವ್ರಿಗೆ ಗೊತ್ತಿತ್" ಎಂದು ತಲೆಯಾಡಿಸಿದರು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮೇಲೆ ಬಂದಾಗ ಅದೇ ಎಂಜಿನ್ ಅದನ್ನು ತುಂಬಿಸುತ್ತದೆಯೇ ಎಂದೂ ಕೇಳಿದರು. ಬುದ್ಧಿ ಹೋದವರು ಕೇಳುವ ಪ್ರಶ್ನೆಯೇ ಅದು? ಆದರೆ ನನಗೆ ಅದು ಹೊಳೆಯಲೇ ಇಲ್ಲ. ಇನ್ನೂ ಒಂದು ಹೊಳೆಯಲಿಲ್ಲ. ಆಡುವಾಗ ಮೈಮರೆತು ನಾನು ಮೊದಲಿನ ಹಾಗೆ ಗಂಟಲು ಬಿಡುತ್ತಿದ್ದೆ, ಅದಕ್ಕೇ ಆ ಕೋಣೆಯಲ್ಲಿ ಅವರು ನನಗೆ ಸರಿಯಾಗಿಯೇ ಉತ್ತರಿಸುತ್ತಿದ್ದರು. ಹೊರಗೆ ಹೋದರೆ ಮತ್ತೆ ಗೋಡೆ.

ಸಮುದ್ರದ ವಿಷಯದಲ್ಲಿ ಮಾತ್ರ ಅವರು ಆಟಕ್ಕೆ ಪೂರ್ತಿ ಅಂಕ ಕೊಡಲಿಲ್ಲ. ಇಷ್ಟು ದೊಡ್ಡ ನೀರಿನಲ್ಲಿ ಒಂದು ಮೀನೂ ಕಾಣುವುದಿಲ್ಲ, ಒಂದು ಬಲೆಯೂ ಇಲ್ಲ ಎಂದು ಬೇಸರ. ನಾನೊಂದು ಸರಕಿನ ಹಡಗಿಗೆ ಟಾರ್ಪಿಡೊ ಬಿಟ್ಟಾಗ, "ಅದ್ರೊಳ್ಗೆ ಜನ ಇಪ್ಪುದಿಲ್ಯಾ?" ಎಂದರು. ಇದು ಯುದ್ಧದ ಆಟ ಎಂದೆ. ಎದ್ದು ಹೋದರು. ಮರುದಿನ ಮತ್ತೆ ಬಂದು ಕೂತರು.

ಹಾಗೆ ಬಂತು ಆ ಭಾನುವಾರ. ಮಧ್ಯಾಹ್ನದ ಊಟವಾಗಿ ಅಮ್ಮನೂ ಹೆಂಡತಿಯೂ ಒರಗಿದ್ದರು, ಹೊರಗೆ ಮಳೆ. ನೂರಕ್ಕೆ ನೂರು ಇಟ್ಟು ನೀರಿನಡಿ ಇಳಿದವನಿಗೆ ಹೆಡ್‌ಫೋನಿನಲ್ಲಿ ಬರೀ ಗೊರಗೊರ. ಒಂದು ಗಂಟೆ ಚಕ್ರ ತಿರುಗಿಸಿದೆ. ಎಲ್ಲ ದಿಕ್ಕೂ ಒಂದೇ ಥರ. ಸಿಟ್ಟು ನೆತ್ತಿಗೇರಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದೆ. ಅಪ್ಪಯ್ಯ ಅದನ್ನು ಎತ್ತಿ ತಿರುಗಿಸಿ ನೋಡಿ, "ಇದ್ರಂಗೆ ಎಂತ ಕೇಂಬುಕಿತ್?" ಎಂದರು. ಎಲ್ಲೋ ದೂರದಲ್ಲಿ ಹಡಗಿದೆ, ಅದರ ಸದ್ದು ಹುಡುಕಬೇಕು ಎಂದೆ.

ಹೆಡ್‌ಫೋನ್ ಹಾಕಿಕೊಂಡರು, ಕಣ್ಣು ಮುಚ್ಚಿದರು. ಬೋಟಿನ ಕಾಲಕ್ಕೂ ಮೊದಲು, ಅವರು ಅಜ್ಜನ ಜೊತೆ ಕೈದೋಣಿಯಲ್ಲಿ ಹೋಗುತ್ತಿದ್ದಾಗ, ಹುಟ್ಟಿನ ಅಗಲದ ತುದಿಯನ್ನು ನೀರಿಗಿಳಿಸಿ ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಹಿಡಿದು, ಕೊಡ್ಡಾಯಿ ಮೀನಿನ ಹಿಂಡು ಎಲ್ಲಿ ಗೊಟರುತ್ತಿದೆ ಎಂದು ಕೇಳುತ್ತಿದ್ದರಂತೆ. ಆ ಮೀನು ನೀರೊಳಗೆ ಸದ್ದು ಮಾಡುತ್ತದೆ. ಆ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ, ನಂಬಿರಲಿಲ್ಲ. ಈಗ ಅವರ ಕುತ್ತಿಗೆ ಒಂದು ಬದಿಗೆ ಓರೆಯಾಯಿತು. ಬಲಗೈ ಎತ್ತಿ, ಚಕ್ರವನ್ನು ಮೆಲ್ಲಗೆ ತಿರುಗಿಸು ಎಂದು ಬೆರಳಲ್ಲಿ ತೋರಿಸಿದರು. ತಿರುಗಿಸಿದೆ. ಅಂಗೈ ಚಾಚಿದರು. ನಿಲ್ಲಿಸಿದೆ.

"ಮೂರ್ ಇತ್. ಎರಡ್ ದೊಡ್ಡದ್, ನಿಧಾನ. ಒಂದ್ ಸಣ್ಣದ್, ಅದ್ರ ಫ್ಯಾನ್ ಸಮ ಇಲ್ಲ, ಕುಂಟ್ತಿತ್."

ಫ್ಯಾನ್ ಎಂದರೆ ಬೋಟಿನ ಹಿಂದೆ ನೀರೊಳಗೆ ತಿರುಗುವ ಪಂಖ. ಹೆಡ್‌ಫೋನ್ ಇಸಕೊಂಡು ಕೇಳಿದೆ. ಐದು ನಿಮಿಷ ಉಸಿರು ಹಿಡಿದು ಕೇಳಿದ ಮೇಲೆ ಬಲು ದೂರದಲ್ಲಿ ಧಡ್ ಧಡ್ ಎಂದಿತು. ಹತ್ತಿರ ಹೋಗಿ ಪೆರಿಸ್ಕೋಪ್ ಎತ್ತಿದರೆ ಮೂರೇ ಹಡಗು, ಎರಡು ದೊಡ್ಡದು, ಒಂದು ಸಣ್ಣದು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದೆ. ಜಗಲಿಯಲ್ಲಿ ಕೂತು ಅವರು ಹೇಳುತ್ತಿದ್ದ ಬೋಟುಗಳೂ ನಿಜವಾಗಿ ಇದ್ದವೇ ಎಂಬ ಯೋಚನೆ ಆಗಲೇ ಒಮ್ಮೆ ಬಂದುಹೋಯಿತು.

ಕಿವಿಯ ಕೆಲಸ ಅವರಿಗೇ ಬಿಟ್ಟು ನಾನು ಹಡಗಿನ ಹಿಂದೆ ಬಿದ್ದೆ. "ಬೇರೆ ಎಂತಾರೂ ಇತ್ತಾ?" ಎಂದು ಆಗಾಗ ಕೇಳುತ್ತಿದ್ದೆ. "ಎಂತದೂ ಇಲ್ಲ, ಹೋಪ್ದೇ" ಎನ್ನುತ್ತಿದ್ದರು. ಮೂರನೆಯ ಸಲ ಹಾಗೆಂದ ಮರುಗಳಿಗೆಯಲ್ಲೇ ಪರದೆ ಅದುರಿತು. ಮೇಲಿನಿಂದ ಬಾಂಬು, ಒಳಗೆಲ್ಲ ನೀರು, ನಾವು ಮುಳುಗಿದೆವು. ಸರಕಿನ ಹಡಗುಗಳಿಗೆ ಕಾವಲಿದ್ದ ಯುದ್ಧನೌಕೆಯೊಂದು ಎಲ್ಲೋ ದೂರದಿಂದ ನಮ್ಮ ತಲೆಯ ಮೇಲೇ ಬಂದಿತ್ತು.

ಕಾವಲಿನ ನೌಕೆಯ ಪಂಖ ಧಡ್ ಧಡ್ ಎನ್ನುವುದಿಲ್ಲ, ಸಣ್ಣಗೆ ಸುಯ್ಯೆನ್ನುತ್ತದೆ, ಜೊತೆಗೆ ಅದು ನೀರೊಳಗೆ ಒಂದು ಸದ್ದು ಬಿಟ್ಟು ನಮ್ಮನ್ನು ಹುಡುಕುತ್ತದೆ. ಸ್ಟೀಲಿನ ಲೋಟಕ್ಕೆ ಚಮಚದ ತುದಿ ತಾಗಿಸಿದ ಹಾಗೆ ಟಿಣ್ ಟಿಣ್ ಎನ್ನುತ್ತದೆ. ಒಮ್ಮೆ ಕೇಳಿದವರ ಮೈ ಜುಮ್ಮೆನ್ನಬೇಕು. ಅದನ್ನು ಹೇಗೆ ಬಿಟ್ಟರು? ಆಟವನ್ನು ಹಿಂದಿನ ಜಾಗಕ್ಕೆ ತಂದು ನಾನೇ ಕೇಳಿದೆ. ಟಿಣ್ ಟಿಣ್ ಎಂದು ಕಿವಿ ತೂತಾಗುವಷ್ಟು ಸ್ಪಷ್ಟ. ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟೆ. ಕಣ್ಣು ಮುಚ್ಚಿ ಕೇಳಿದರು.

"ಅದೇ ಮೂರ್ ಹಡಗ್."

"ಟಿಣ್ ಟಿಣ್ ಅಂಬುದ್ ಕೇಂತಿಲ್ಯಾ?"

"ಅಂಥದ್ ಎಂತದೂ ಇಲ್ಲ" ಎಂದರು. ದನಿಯಲ್ಲಿ ಸ್ವಲ್ಪ ಅಂಜಿಕೆ ಇತ್ತು. ನಾನು ಪರೀಕ್ಷೆ ಮಾಡುತ್ತಿದ್ದೇನೆಂದು ಅವರಿಗೆ ತಿಳಿದಿತ್ತು.

ನನಗೆ ಆಗ ಕುಕ್ಕರಿನ ಸೀಟಿ ನೆನಪಾಯಿತು. ಆಮೇಲೆ ಮೊಬೈಲ್, ಸ್ಕೂಟರಿನ ಹಾರ್ನ್, ನನ್ನ ಹೆಂಡತಿಯ ಸಣ್ಣ ದನಿ. ಓಡಿಹೋಗಿ ಅಡುಗೆಮನೆಯಿಂದ ಲೋಟ, ಚಮಚ, ಆ ಮಣೆ ತಂದೆ. ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಹಿಂದಿನಿಂದ ಲೋಟ ಬಡಿದೆ. ಅಲುಗಾಡಲಿಲ್ಲ. ಇನ್ನೂ ಜೋರಾಗಿ ಬಡಿದೆ. ಆ ಸದ್ದಿಗೆ ಎದ್ದ ಅಮ್ಮ ಬಾಗಿಲಲ್ಲಿ ನಿಂತು, "ಎಂತ ಮಗಾ, ನಿಂಗೂ ಹಿಡಿತಾ?" ಎಂದರು. ನಾನು ಮಣೆಯನ್ನು ನೆಲಕ್ಕೆ ಎರಡು ಸಲ ಕುಟ್ಟಿದೆ. ಅಪ್ಪಯ್ಯ ಕೂಡಲೇ ತಿರುಗಿ, "ಈಗ ಉಂಡ್ದ್ ಅಲ್ದಾ?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ಬಾಗಿಲ ಬಳಿಯೇ ಕುಸಿದು ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಎರಡು ತಿಂಗಳು ತಳ್ಳಿದ ಮಣಿಪಾಲಕ್ಕೆ ಎರಡೇ ದಿನದಲ್ಲಿ ಹೋದೆವು. ಕಿವಿಯ ವಿಭಾಗದಲ್ಲಿ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಬೇಕೆಂದರು. ಅಪ್ಪಯ್ಯ ಕುತ್ತಿಗೆ ಓರೆ ಮಾಡಿ ಕಣ್ಣು ಮುಚ್ಚಿದ್ದನ್ನು ನಾನು ಗಾಜಿನಾಚೆಯಿಂದ ನೋಡಿದೆ. ಎಂಜಿನ್ನಿನ ಪಕ್ಕ ವರ್ಷಗಟ್ಟಲೆ ಇದ್ದವರ ಕಿವಿಯಲ್ಲಿ ಸಣ್ಣ, ಚೂಪು ಸದ್ದುಗಳು ಮೊದಲು ಹೋಗುತ್ತವಂತೆ, ದಪ್ಪ ಸದ್ದುಗಳು ಉಳಿಯುತ್ತವಂತೆ. ಮಾತಿನ ಅರ್ಧ ಅಕ್ಷರಗಳು ಆ ಸಣ್ಣ ಸದ್ದುಗಳೇ. ಮೆಲ್ಲಗೆ ಮಾತಾಡಿದರೆ ಅವರಿಗೆ ಸಿಕ್ಕುವುದು ಮಾತಿನ ಸಿಪ್ಪೆ ಮಾತ್ರ. ಮಿದುಳಿನ ಡಾಕ್ಟರರನ್ನೂ ಬಿಡಲಿಲ್ಲ. ಅವರು ಗಟ್ಟಿಯಾಗಿ ಒಂದೊಂದೇ ಪ್ರಶ್ನೆ ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಅಪ್ಪಯ್ಯ ಎಲ್ಲೂ ತಡೆಯದೆ ಕಳೆಯುತ್ತ ಹೋದರು. ಡಾಕ್ಟರರೇ ಸಾಕು ಎಂದರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹಸಿವಾಯಿತು. ಎಷ್ಟೋ ದಿನದಿಂದ ಹಸಿವೆಂಬುದೇ ಇರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಬ್ರಹ್ಮಾವರದಲ್ಲಿ ಇಳಿದು ಹೋಟೆಲ್ಲಿಗೆ ನುಗ್ಗಿ ಗೋಳಿಬಜೆ ತರಿಸಿದೆವು. ನಾನು ಎರಡು ಪ್ಲೇಟು ಮುಗಿಸುವವರೆಗೂ ಅಪ್ಪಯ್ಯ ಒಂದೇ ಗೋಳಿಬಜೆ ಹಿಡಿದು ಕೂತಿದ್ದರು.

"ಡಾಕ್ಟ್ರ್ ಮಂಡಿ ಸಮ ಇತ್ ಅಂದ್ರಾ?"

"ಸಮ ಇತ್ ಅಂದ್ರ್."

"ನೀನ್ ಸಮ ಕೇಂಡ್ಯಾ?"

"ಸಮ ಕೇಂಡೆ, ಅಪ್ಪಯ್ಯ. ಬರೀ ಕೆಮಿದ್ ತೊಂದ್ರೆ" ಎಂದು ಕಿವಿ ಮುಟ್ಟಿ ತೋರಿಸಿ ಹಳೆಯ ಗಂಟಲಿನಲ್ಲೇ ಹೇಳಿದೆ. ಹೋಟೆಲ್ಲಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎನಿಸಿತು. ಅವರು ಗೋಳಿಬಜೆಯನ್ನು ಚಟ್ನಿಗೆ ಅದ್ದಿ ತಿಂದರು, ಆಮೇಲೆ ಇನ್ನೊಂದು ಪ್ಲೇಟು ಹೇಳಿದರು.

ಕಿವಿಗೆ ಇಡುವ ಮೆಷಿನ್ ಬಂದದ್ದು ಆಮೇಲೆ. ಅದನ್ನು ಅವರು ಮದುವೆ, ಮುಂಜಿಗಳಿಗೆ ಮಾತ್ರ ಹಾಕುತ್ತಿದ್ದರು. ನಿಜವಾದ ಔಷಧಿಯಾದದ್ದು ನಮ್ಮ ಗಂಟಲು. ಅಮ್ಮ ಮಣೆಯನ್ನು ಮತ್ತೆ ಕೈಗೆತ್ತಿಕೊಂಡರು. ಮಾವನಿಗೆ ತನ್ನ ಮೇಲೆ ಮುನಿಸಿರಲಿಲ್ಲ ಎಂದು ತಿಳಿದ ದಿನ ನನ್ನ ಹೆಂಡತಿ ಗೆದ್ದವಳ ಹಾಗೆ ಮನೆಯೆಲ್ಲ ಓಡಾಡಿದಳು. ಒಂದು ವರ್ಷದಲ್ಲಿ ಅವಳ ದನಿ ಬೀದಿಯ ತುದಿಗೆ ಕೇಳುವಷ್ಟಾಯಿತು. ಅವಳ ತವರಿನವರು ಬಂದವರು ಗೇಟಿನಾಚೆಯೇ ನಿಂತು, ಒಳಗೆ ಜಗಳ ನಡೆಯುತ್ತಿದೆ, ಈಗ ಹೋಗುವುದೋ ಬೇಡವೋ ಎಂದು ಯೋಚಿಸಿದ್ದರಂತೆ. ನಾನು ಆಟದಲ್ಲಿ ಆ ಕಿವಿಯ ಸಿಬ್ಬಂದಿಯನ್ನು ಮತ್ತೆಂದೂ ಸೇರಿಸಿಕೊಳ್ಳಲಿಲ್ಲ. ಧಡ್ ಧಡ್ ಅಪ್ಪಯ್ಯನ ಪಾಲು, ಟಿಣ್ ಟಿಣ್ ನನ್ನ ಪಾಲು ಎಂದಾಯಿತು. ಆದರೂ ನಾವು ಮುಳುಗಿದ್ದೇ ಹೆಚ್ಚು.

ಮಣಿಪಾಲಕ್ಕೆ ಹೋಗಿ ಬಂದ ಮರುದಿನ ಬೆಳಿಗ್ಗೆಯ ಮಾತು ಹೇಳದಿದ್ದರೆ ಇದು ಮುಗಿಯುವುದಿಲ್ಲ. ಬೀಗ ತೆಗೆಯಬೇಕೆಂದು ನಾನು ಎದ್ದಾಗಿನಿಂದ ಯೋಚಿಸುತ್ತಿದ್ದೆ. ಅವರಿಗೆ ತಿಳಿಯದ ಹಾಗೆ, ಅದು ಇರಲೇ ಇಲ್ಲ ಎಂಬಂತೆ ತೆಗೆದುಬಿಡಬೇಕು ಎಂದಿತ್ತು, ಅಷ್ಟು ನಾಚಿಕೆ. ಅಷ್ಟರಲ್ಲಿ ಅಪ್ಪಯ್ಯ ಹೆಗಲಿಗೆ ಬೈರಾಸು ಹಾಕಿಕೊಂಡು ಅಡುಗೆಮನೆಗೆ ಬಂದರು. ಅಮ್ಮನೂ ನಾನೂ ನೋಡುತ್ತಿದ್ದಂತೆ ಮೇಲಿನ ಹಲಗೆಗೆ ಕೈ ನೀಡಿದರು, ಸಾಲಾಗಿದ್ದ ಐದು ಡಬ್ಬಗಳಲ್ಲಿ ಹುರುಳಿಯದ್ದನ್ನೇ ಇಳಿಸಿದರು, ಕೈ ಹಾಕಿ ತಳದಿಂದ ಬೀಗದ ಕೈ ತೆಗೆದು ಪಂಚೆಗೆ ಒರೆಸಿದರು.

ಅಮ್ಮ ಒಲೆ ಬಿಟ್ಟು ಎದ್ದು ಬಂದರು. "ಅಲ್ಲಿತ್ ಅಂದೇಳಿ ಗೊತ್ತಿತ್ತಾ ನಿಮ್ಗೆ?"

"ದಿನಾ ಗೇಟ್ ತೆಗುಕ್ ಮುಂಚೆ ಹಲ್ಗಿ ಮೇಲೆ ಆ ಡಬ್ಬ ಧಡ್ ಅಂತಿತ್ತಲೆ. ಮೊದಲ್ನೇ ದಿನವೇ ಗೊತ್ತಿತ್."

"ಮತ್ತೆ ತೆಗಿಲಿಲ್ಲ ಎಂತಕ್ಕೆ?" ಎಂದು ನಾನು ಕೇಳಿದೆ.

ಡಬ್ಬದ ಮುಚ್ಚಳವನ್ನು ಹಾಕಿ, ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. "ಅಣ್ಣನ್ ಹಾಂಗೇ ನಂಗೂ ಆಯ್ತ್ ಅಂದ್ಕಂಡಿದ್ದೆ. ಹೋರೆ ವಾಪಸ್ ಬಪ್ಪುಕೆ ದಾರಿ ಗೊತ್ತಾಪುದಿಲ್ಯೋ ಏನೋ."

ಆಮೇಲೆ ಅಂಗಳಕ್ಕಿಳಿದು ಬೀಗ ತೆಗೆದು, ಬೀಗವನ್ನೂ ಬೀಗದ ಕೈಯನ್ನೂ ಗೇಟಿನ ಕಂಬದ ಮೇಲೆ ಇಟ್ಟು, "ಬತ್ತೆ" ಎಂದು ನಮ್ಮ ಕಡೆಗೆ ಕೂಗಿ ಹೇಳಿ ದಕ್ಕೆಯ ದಾರಿ ಹಿಡಿದರು.